ಕತ್ತಲಾದ ಮೇಲೆ ಬಸ್ ಸ್ಟಾಪಿಗೆ ನಡೆದು ನೋಡಿ

ಸಂಜೆ ಏಳೂವರೆ ಹೊತ್ತಿಗೆ ಬಸ್ಸಿಗೆ ಕಾಯುತ್ತಿರುವ ಹುಡುಗಿಯೊಬ್ಬಳನ್ನು ಗಮನಿಸಿ ನೋಡಿ. ತಂಗುದಾಣದ ಬೆಂಚು ಖಾಲಿ ಇದೆ, ಆದರೂ ಅವಳು ಕೂತಿಲ್ಲ. ಹತ್ತು ಹೆಜ್ಜೆ ಆಚೆ, ಬಾಗಿಲು ಹಾಕುತ್ತಿರುವ ಅಂಗಡಿಯ ಬೆಳಕಲ್ಲಿ ನಿಂತಿದ್ದಾಳೆ. ಬೆನ್ನಿನ ಬ್ಯಾಗು ಎದೆಗೆ ಬಂದಿದೆ. ಒಂದು ಕಿವಿಯ ಇಯರ್‌ಫೋನ್ ತೆಗೆದಿಟ್ಟಿದ್ದಾಳೆ. ಇದನ್ನೆಲ್ಲ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ, ಆ ಜಾಗವೇ ಕಲಿಸಿದೆ.

ಇಷ್ಟಾದರೂ ನಾವು ಅವಳಿಗೇ ಇನ್ನಷ್ಟು ಬುದ್ಧಿ ಹೇಳುತ್ತೇವೆ. ಬೇಗ ಹೊರಡು, ಒಬ್ಬಳೇ ಹೋಗಬೇಡ, ಹುಷಾರಾಗಿರು ಅಂತ. ತಿದ್ದಬೇಕಾಗಿರುವುದು ಅವಳನ್ನಲ್ಲ, ಆ ಜಾಗವನ್ನು. ಅದಕ್ಕೆ ಒಂದು ದಾರಿ ಇದೆ. ಕೆನಡಾದ ಟೊರಾಂಟೊದಲ್ಲಿ ಮೆಟ್ರ್ಯಾಕ್ ಎಂಬ ಮಹಿಳಾ ಸಂಸ್ಥೆ 1989ರಲ್ಲಿ ರೂಪಿಸಿದ ‘ಮಹಿಳಾ ಸುರಕ್ಷತಾ ಆಡಿಟ್’ ಈಗ ಎಷ್ಟೋ ದೇಶಗಳಲ್ಲಿ ಬಳಕೆಯಲ್ಲಿದೆ. ಅಂದರೆ ಹೆಂಗಸರೇ ಗುಂಪಾಗಿ ಒಂದು ದಾರಿಯಲ್ಲಿ ನಡೆದು, ಏನು ಸರಿಯಿಲ್ಲ ಅಂತ ನೋಡಿ ಬರೆದುಕೊಳ್ಳುವುದು. ತಿರುಳು ಇಷ್ಟೆ: ಒಂದು ಜಾಗ ಎಷ್ಟು ಸುರಕ್ಷಿತ ಅನ್ನುವುದು ಅಲ್ಲಿ ದಿನಾ ಓಡಾಡುವ ಹೆಂಗಸರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಐದಾರು ಜನ, ಒಂದು ನೋಟ್‌ಬುಕ್, ಒಂದು ಫೋನ್, ಎರಡು ಗಂಟೆ ಸಮಯ ಇದ್ದರೆ ಸಾಕು.

ಮೊದಲು: ಒಂದೇ ಮಾರ್ಗ ಆರಿಸಿ

ಇಡೀ ಊರನ್ನು ಹಿಡಿಯಲು ಹೋದರೆ ಯಾವುದೂ ಮುಗಿಯುವುದಿಲ್ಲ. ಒಂದು ಬಸ್ ಮಾರ್ಗ ಸಾಕು. ಆದರೆ ಮನೆ ಬಾಗಿಲಿಂದ ಮನೆ ಬಾಗಿಲವರೆಗೆ ನೋಡಿ. ನಡೆಯುವುದು, ಕಾಯುವುದು, ಹತ್ತುವುದು, ಇಳಿಯುವುದು, ಮತ್ತೆ ನಡೆಯುವುದು ಎಲ್ಲವೂ ಪ್ರಯಾಣವೇ. ಬಸ್ಸೊಳಗೆ ಏನೂ ಆಗದಿದ್ದರೂ ಇಳಿದ ಮೇಲಿನ ಐದು ನಿಮಿಷಕ್ಕೆ ಹೆದರಿಯೇ ಸಂಜೆ ಕೆಲಸ ಬಿಟ್ಟವರಿದ್ದಾರೆ.

ಇನ್ನೊಂದು ಮಾತು. ಬಹಳಷ್ಟು ಹೆಂಗಸರ ಓಡಾಟ ಮನೆ, ಆಫೀಸು, ಮನೆ ಅಂತ ನೇರ ಇರುವುದಿಲ್ಲ. ಮಗುವನ್ನು ಶಾಲೆಗೆ ಬಿಟ್ಟು, ಕೆಲಸ ಮುಗಿಸಿ, ಔಷಧಿ ತೆಗೆದುಕೊಂಡು, ಅಮ್ಮನನ್ನು ನೋಡಿ ಬರಬೇಕು. ಬಸ್ ಬದಲಿಸಿದಷ್ಟೂ ಸಲ ಇನ್ನೊಂದು ಕಡೆ ಕಾಯಬೇಕು. ಹಾಗಾಗಿ ಬಸ್ ಬದಲಿಸುವ ಸ್ಟಾಪನ್ನು ಬಿಡಲೇಬೇಡಿ.

ಗುಂಪಿನಲ್ಲಿ ಬೇರೆ ಬೇರೆಯವರಿರಲಿ. ಕಾಲೇಜು ಹುಡುಗಿ, ರಾತ್ರಿ ಪಾಳಿಯವರು, ವಯಸ್ಸಾದವರು, ಗಾಲಿಕುರ್ಚಿ ಬಳಸುವವರು ಹೀಗೆ. ಶಾಲಾ ಹುಡುಗಿಯರನ್ನು ಪ್ರತ್ಯೇಕವಾಗಿ ಕೂರಿಸಿ, ದಾರಿಯ ಚಿತ್ರ ಬರೆಸಿ, ಇಷ್ಟವಿಲ್ಲದ ಜಾಗಕ್ಕೆ ಗುರುತು ಹಾಕಲು ಹೇಳಿ. ‘ನಿನಗೆ ಏನಾಯಿತು?’ ಅಂತ ಕೆದಕಬೇಡಿ. ಮನೆಯಲ್ಲಿ ಗೊತ್ತಾದರೆ ಶಾಲೆ ಬಿಡಿಸುತ್ತಾರೆ ಅನ್ನುವ ಭಯಕ್ಕೇ ಎಷ್ಟೋ ಮಕ್ಕಳು ಬಾಯಿ ಬಿಡುವುದಿಲ್ಲ.

ಆಮೇಲೆ: ಕತ್ತಲಾದ ಮೇಲೆ ನಡೆಯಿರಿ

ಹಗಲು ಹೊತ್ತಲ್ಲಿ ಎಲ್ಲ ಸ್ಟಾಪೂ ಚೆನ್ನಾಗಿಯೇ ಕಾಣುತ್ತದೆ. ಕತ್ತಲಾದ ಮೇಲೆ ಹೋಗಿ. ದೀಪದ ಕಂಬ ಇದೆಯಾ ಅಂತ ಮಾತ್ರ ನೋಡಬೇಡಿ. ಬೆಳಕು ಎಲ್ಲಿ ಬೀಳುತ್ತಿದೆ, ವಾಹನ ಓಡುವ ರಸ್ತೆಗೋ, ನಾವು ನಡೆಯುವ ಫುಟ್‌ಪಾತಿಗೋ? ಮರದ ಕೊಂಬೆ ಅಡ್ಡ ಬಂದಿದೆಯಾ? ಒಬ್ಬರು 15 ಹೆಜ್ಜೆ ದೂರ ನಿಲ್ಲಲಿ. ಅವರ ಮುಖದ ಗುರುತು ಸಿಗುತ್ತದಾ?

ನಾವು ಕೆಲವರು ಹೀಗೇ ಒಂದು ಸಂಜೆ ನಡೆದಿದ್ದೆವು. ಒಂದು ತಂಗುದಾಣಕ್ಕೆ ಮೂರು ಕಡೆ ಗೋಡೆ ಇತ್ತು, ಬಸ್ ಬರುವ ಬದಿಗೆ ಉದ್ದಕ್ಕೂ ಜಾಹೀರಾತು ಹಲಗೆ. ಒಳಗೆ ಕೂತೆ. ಬಸ್ ಮೂಗಿನ ಮುಂದೆ ಬರುವವರೆಗೂ ಕಾಣಿಸಲಿಲ್ಲ. ಹೊರಗಿದ್ದ ಗೆಳತಿ ‘ನೀನು ಒಳಗಿದ್ದೀಯಾ?’ ಅಂತ ಕೂಗಿ ಕೇಳಿದಳು, ನಾನಿದ್ದದ್ದು ಅವಳಿಂದ ನಾಲ್ಕೇ ಹೆಜ್ಜೆ ದೂರದಲ್ಲಿ. ಮಳೆ ಬಂದರೂ ಹೆಂಗಸರು ಯಾಕೆ ರಸ್ತೆ ಅಂಚಲ್ಲೇ ನಿಲ್ಲುತ್ತಾರೆ ಅನ್ನುವುದಕ್ಕೆ ಉತ್ತರ ಸಿಕ್ಕಿತು. ಆ ಹಲಗೆಯ ಜಾಗಕ್ಕೆ ಗಾಜು ಬಂದರೆ ಸಾಕಿತ್ತು.

2013ರಲ್ಲಿ ಶುರುವಾದ ಸೇಫ್ಟಿಪಿನ್ ಆ್ಯಪ್ ಕೂಡ ಇಂಥವನ್ನೇ ಅಳೆಯುತ್ತದೆ: ಬೆಳಕು, ಜಾಗ ತೆರೆದಿದೆಯಾ, ನಾಲ್ಕು ಜನರ ಕಣ್ಣಿಗೆ ಬೀಳುತ್ತದಾ, ನಡೆಯುವ ದಾರಿ ಹೇಗಿದೆ. ಕೊನೆಗೆ ‘ಇಲ್ಲಿ ನಿಮಗೆ ಹೇಗನಿಸುತ್ತದೆ?’ ಅಂತಲೂ ಕೇಳುತ್ತದೆ. ಅನಿಸಿಕೆಯೂ ಲೆಕ್ಕಕ್ಕೆ ಬರುತ್ತದೆ, ಸುಮ್ನೆ ಬಿಡಬೇಡಿ.

ಎಣಿಸಿ ಬರೆದುಕೊಳ್ಳಿ

ಪ್ರತಿ ಸ್ಟಾಪಿನಲ್ಲಿ ಎಷ್ಟು ಜನ, ಅವರಲ್ಲಿ ಹೆಂಗಸರು ಎಷ್ಟು? ಬಸ್ ಬರಬೇಕಿದ್ದದ್ದು ಎಷ್ಟಕ್ಕೆ, ಬಂದದ್ದು ಎಷ್ಟಕ್ಕೆ? ಕಾಯುವುದಕ್ಕಿಂತ ಎಷ್ಟು ಹೊತ್ತು ಕಾಯಬೇಕೋ ಗೊತ್ತಿಲ್ಲದಿರುವುದು ಜಾಸ್ತಿ ಕಷ್ಟ. ಬಸ್ 20 ನಿಮಿಷಕ್ಕೆ ಬರುತ್ತದೆ ಅಂತ ಖಾತ್ರಿಯಾಗಿ ಗೊತ್ತಿದ್ದರೆ ಅವಳು ಆಫೀಸಿನ ಒಳಗೇ ಕೂತಿದ್ದು ಸರಿಯಾದ ಹೊತ್ತಿಗೆ ಹೊರಡಬಹುದು. ಸಮಯಕ್ಕೆ ಸರಿಯಾಗಿ ಬರುವ ಬಸ್ಸೂ ಸುರಕ್ಷತೆಯೇ, ಅಲ್ವಾ?

ಬಸ್ಸಿನೊಳಗೆ

ತುಂಬಿದ ಬಸ್ಸಿನಲ್ಲಿ ಕೈ ಹಾಕುವವರ ಕಾಟ. ಖಾಲಿ ಬಸ್ಸಿನಲ್ಲಿ ಪಕ್ಕದಲ್ಲೇ ಬಂದು ಕೂತು, ಅವಳು ಇಳಿದಲ್ಲೇ ಇಳಿದು ಬೆನ್ನು ಬೀಳುವವರ ಭಯ. ಎರಡೂ ಹೊತ್ತಿನಲ್ಲಿ ಪ್ರಯಾಣ ಮಾಡಿ ನೋಡಿ. ಜಪಾನ್, ಮೆಕ್ಸಿಕೊದಂಥ ಕಡೆ ರೈಲಿನಲ್ಲಿ ಹೆಂಗಸರಿಗೇ ಬೇರೆ ಬೋಗಿಗಳಿವೆ. ಅವುಗಳಿಂದ ಉಸಿರಾಡುವಷ್ಟು ಜಾಗ ಸಿಗುತ್ತದೆ ನಿಜ. ಆದರೆ ಅಷ್ಟಕ್ಕೇ ನಿಲ್ಲಬಾರದು ಅಂತ ನನ್ನ ಅನಿಸಿಕೆ. ಆ ಬೋಗಿ ಅವಳ ಜೊತೆ ಮನೆವರೆಗೂ ಬರುವುದಿಲ್ಲ. ಮೇಲಾಗಿ, ಬೇರೆ ಬೋಗಿ ಹತ್ತಿದವಳಿಗೆ ‘ನೀನ್ಯಾಕೆ ಅಲ್ಲಿ ಹತ್ತಿದೆ?’ ಅನ್ನುವ ಪ್ರಶ್ನೆ ಬರುತ್ತದೆ.

ಕಂಡಕ್ಟರ್, ಡ್ರೈವರ್ ಹತ್ತಿರ ಕೇಳಿ: ಯಾರಾದರೂ ದೂರು ಹೇಳಿದರೆ ಏನು ಮಾಡುತ್ತೀರಿ? ಎಷ್ಟೋ ಸಲ ಅವರಿಗೇ ಯಾರೂ ಹೇಳಿಕೊಟ್ಟಿರುವುದಿಲ್ಲ. ಒಳಗಿನ ದೀಪ ಹಾಕುವುದು, ಅವಳಿಗೆ ಮುಂದಿನ ಸೀಟು ಕೊಡುವುದು, ಹೊತ್ತು ಮತ್ತು ಜಾಗ ಬರೆದುಕೊಳ್ಳುವುದು, ಅವಳು ಒಪ್ಪಿದರೆ ಪೊಲೀಸರಿಗೆ ತಿಳಿಸುವುದು. ಇಷ್ಟು ಬರೆದ ಒಂದು ಚೀಟಿ ಡ್ರೈವರ್ ಮುಂದೆ ಅಂಟಿಸಿರಲಿ. ಎಲ್ಲರೆದುರು ಅವಳನ್ನು ನಿಲ್ಲಿಸಿ ನಡೆದದ್ದನ್ನು ಹೇಳಿಸುವುದು ಮಾತ್ರ ಬೇಡ.

ಪ್ರಯಾಣಿಕರಿಗೂ ಕೆಲಸ ಇದೆ. ಜಗಳಕ್ಕೆ ನಿಲ್ಲಲೇಬೇಕು ಅಂತಿಲ್ಲ. ಯಾರೋ ಕಾಟ ಕೊಡುತ್ತಿರುವ ಹುಡುಗಿಯ ಹತ್ತಿರ ಹೋಗಿ, ‘ಮುಂದಿನ ಸ್ಟಾಪ್ ಯಾವುದಮ್ಮಾ?’ ಅಂತ ಕೇಳಿ, ಅವನಿಗೂ ಅವಳಿಗೂ ನಡುವೆ ನಿಂತುಬಿಡಿ.

ದೂರು ಒಂದು ಮೆಸೇಜಿನಷ್ಟು ಸುಲಭ ಇರಲಿ

ಲಂಡನ್ನಿನಲ್ಲಿ 2015ರಲ್ಲಿ ‘ಹೇಳಿ, ನಿಲ್ಲಿಸಿ’ ಅನ್ನುವ ಅರ್ಥದ ಅಭಿಯಾನ ನಡೆಯಿತು. ಬ್ರಿಟನ್ನಿನ ರೈಲುಗಳಲ್ಲಿ ಕೂತಲ್ಲಿಂದಲೇ 61016 ನಂಬರಿಗೆ ಸಾರಿಗೆ ಪೊಲೀಸರಿಗೆ ಮೆಸೇಜ್ ಕಳಿಸಬಹುದು. ನಿಮ್ಮ ಮಾರ್ಗದಲ್ಲಿ ಹಾಗೆ ಒಂದು ನಂಬರ್ ಇದೆಯಾ, ಬಸ್ಸಿನೊಳಗೆ ಬರೆದಿದೆಯಾ ನೋಡಿ. ಒಂದು ಮೆಸೇಜ್ ಕಳಿಸಿ, ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತಲೂ ಬರೆದುಕೊಳ್ಳಿ.

ಕೇಳಬೇಕಾದವರ ಹತ್ತಿರ ಕೇಳಿ

ನೋಟ್‌ಬುಕ್ಕನ್ನು ಹಾಗೇ ಕೊಟ್ಟರೆ ಅದು ಕಪಾಟು ಸೇರುತ್ತದೆ. ಯಾವ ಕೆಲಸ ಯಾರದ್ದು ಅಂತ ಬಿಡಿಸಿ. ದೀಪ, ಕೊಂಬೆ, ಫುಟ್‌ಪಾತು ನಗರಾಡಳಿತದ್ದು. ವೇಳೆ, ಸಿಬ್ಬಂದಿ ತರಬೇತಿ ಸಾರಿಗೆ ಸಂಸ್ಥೆಯದ್ದು. ಒಬ್ಬೊಬ್ಬರಿಗೂ ಒಂದೇ ಪುಟದ ಪತ್ರ, ಜೊತೆಗೆ ರಾತ್ರಿ ತೆಗೆದ ಫೋಟೊ. ‘ಯಾವ ತಾರೀಖಿನೊಳಗೆ?’ ಅಂತ ಕೇಳಿ ಬರೆಸಿಕೊಳ್ಳಿ. ಬರೀ ಕ್ಯಾಮೆರಾ ಹಾಕಿಸುತ್ತೇವೆ ಅಂದರೆ, ಅದನ್ನು ಯಾರು ನೋಡುತ್ತಿರುತ್ತಾರೆ ಅಂತಲೂ ಕೇಳಿ.

ದುಡ್ಡಿಲ್ಲ ಅಂದರೆ ಇದನ್ನು ಕೇಳಿ: ರಾತ್ರಿ ಹೊತ್ತು ಎರಡು ಸ್ಟಾಪಿನ ನಡುವೆ, ಮನೆಗೆ ಹತ್ತಿರವಾದ ಕಡೆ ಇಳಿಸುವುದು. ಟೊರಾಂಟೊದಲ್ಲಿ 1991ರಲ್ಲಿ, ಮಾಂಟ್ರಿಯಲ್‌ನಲ್ಲಿ 1996ರಲ್ಲಿ ಹೆಂಗಸರಿಗೆ ಈ ಸೌಲಭ್ಯ ಶುರುವಾಯಿತು. ಮೊದಲೇ ಹೇಳಿದರೆ ಡ್ರೈವರ್ ಸುರಕ್ಷಿತ ಜಾಗ ನೋಡಿ ನಿಲ್ಲಿಸುತ್ತಾರೆ. ಹೊಸ ಕಂಬ, ಹೊಸ ಬಸ್ ಏನೂ ಬೇಕಾಗಿಲ್ಲ.

ಮೂರು ತಿಂಗಳಾದ ಮೇಲೆ ಅದೇ ಗುಂಪು, ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ಮತ್ತೆ ನಡೆಯಲಿ. ಹಳೆ ಲೆಕ್ಕದ ಎದುರು ಪುಟದಲ್ಲಿ ಹೊಸ ಲೆಕ್ಕ ಬರೆಯಿರಿ. ದೀಪ ಉರಿಯುತ್ತಿದೆಯಾ, ಕಾಯುವ ಹೆಂಗಸರು ಹೆಚ್ಚಾಗಿದ್ದಾರಾ, ಬೆಂಚಿನ ಮೇಲೆ ಯಾರಾದರೂ ಕೂತಿದ್ದಾರಾ? ಆಗದೆ ಉಳಿದದ್ದಕ್ಕೆ, ಮೊದಲ ಪತ್ರದ ಪ್ರತಿ ಲಗತ್ತಿಸಿ, ಎರಡನೇ ಪತ್ರ ಬರೆಯಿರಿ.