ಇವಿ ಕಾರಿಗೆ ಬೇರೆ ಟೈರೇ ಬೇಕಾ? ಎರಡು ಸಲ ಬದಲಾಯಿಸಿದ ಮೇಲೆ ನನಗೆ ಗೊತ್ತಾಗಿದ್ದು

ಮುಂದಿನ ಎಡಗಡೆ ಚಕ್ರದ ಒಳಅಂಚನ್ನು ಬೆರಳಲ್ಲಿ ಸವರಿದರೆ ನುಣ್ಣಗೆ ಜಾರುತ್ತಿತ್ತು. ಹೊರಗಡೆಯಿಂದ ನೋಡಿದರೆ ಬಟನ್ (ಟೈರಿನ ಮೇಲಿನ ಉಬ್ಬು ರಬ್ಬರ್) ಚೆನ್ನಾಗೇ ಇತ್ತು, ಒಳಗಡೆ ಬೋಳು. ನನ್ನ ಎಲೆಕ್ಟ್ರಿಕ್ ಕಾರು ಓಡಿದ್ದು 29,000 ಕಿಲೋಮೀಟರ್ ಅಷ್ಟೇ. ಹಿಂದಿನ ಪೆಟ್ರೋಲ್ ಕಾರಿನಲ್ಲಿ 50,000 ದಾಟುವವರೆಗೆ ಟೈರ್ ಕಡೆ ನಾನು ತಿರುಗಿಯೂ ನೋಡಿದವನಲ್ಲ.

ಎರಡು ಅಂಗಡಿಗೆ ಹೋದೆ. ಮೊದಲನೆಯವರು, "ಸಾರ್, ಇವಿಗೆ ಇವಿ ಟೈರೇ ಹಾಕ್ಬೇಕು, ಮಾಮೂಲಿದು ತಡ್ಕೊಳಲ್ಲ" ಅಂದರು. ಎರಡನೆಯವರು ನಕ್ಕರು. "ಅದೆಲ್ಲ ಬರೀ ಹೆಸರು ಸಾರ್. ಸೈಜ್ ಸರಿ ಇದ್ರೆ ಸಾಕು." ನನಗೆ ಎರಡನೆಯವರ ಮಾತೇ ಹಿಡಿಸಿತು. ಖರ್ಚು ಕಡಿಮೆ ಅನ್ನುವವರ ಮಾತು ಯಾರಿಗೆ ಹಿಡಿಸಲ್ಲ ಹೇಳಿ!

ಅವರು ತಂದಿಟ್ಟ ಟೈರ್ ಮೇಲೆ 205/55 ಆರ್16 91ವಿ ಅಂತ ಇತ್ತು. ನನ್ನ ಕಾರಿನಲ್ಲಿದ್ದ ಟೈರ್ ಮೇಲೆ 205/55 ಆರ್16 94ವಿ ಎಕ್ಸ್‌ಎಲ್. ಸೈಜ್ ಅದೇ. 91 ಮತ್ತು 94 ಅಂದರೆ ಏನು ಅಂತ ಕೇಳಿದೆ. "ಅದೇನೂ ಆಗಲ್ಲ ಸಾರ್" ಅನ್ನೋ ಉತ್ತರ ಬಂತು. ಆಗುತ್ತೆ. ಅದು ಲೋಡ್ ಇಂಡೆಕ್ಸ್, ಒಂದೊಂದು ಟೈರ್ ಎಷ್ಟು ಭಾರ ಹೊರಬಹುದು ಅನ್ನುವ ಅಂಕಿ. 91 ಅಂದರೆ 615 ಕಿಲೋ, 94 ಅಂದರೆ 670 ಕಿಲೋ. ಬಾಗಿಲ ಕಂಬದ ಮೇಲಿನ ಪಟ್ಟಿಯಲ್ಲಿ ಹಿಂದಿನ ಆಕ್ಸಲ್‌ಗೆ ಗರಿಷ್ಠ 1,240 ಕಿಲೋ ಅಂತ ಬರೆದಿತ್ತು. ಎರಡರಿಂದ ಭಾಗಿಸಿದರೆ ಒಂದು ಚಕ್ರಕ್ಕೆ 620. ಅಂಗಡಿಯವರು ಕೊಡಲು ಹೊರಟ ಟೈರ್ 5 ಕಿಲೋ ಕಡಿಮೆ ಹೊರುವಂಥದ್ದು. ಐದೇ ಕಿಲೋ ಅಲ್ವಾ ಅನ್ನಿಸಬಹುದು. ಆದರೆ ಮನೆಮಂದಿ ಎಲ್ಲ ಹತ್ತಿ, ಡಿಕ್ಕಿ ತುಂಬಿಸಿ, ಬಿಸಿಲಲ್ಲಿ ಹೈವೇ ಹಿಡಿದಾಗ ಕೈಯಲ್ಲಿ ಸ್ವಲ್ಪ ಮಿಗತೆ ಇರಬೇಕಾದ ಜಾಗದಲ್ಲಿ ಕೊರತೆ ಇದ್ದರೆ ಹೇಗೆ?

ಇವಿ ವಿಷಯದಲ್ಲಿ ನಿಜವಾದ ತೊಡಕು ಇದು. ಬ್ಯಾಟರಿಯಿಂದಾಗಿ ಕಾರು ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ಎರಡು, ಮೂರು ಕ್ವಿಂಟಲ್ ಜಾಸ್ತಿ ತೂಗುತ್ತೆ. ಆ ಭಾರ ಹೊರೋಕೆ ಎಕ್ಸ್‌ಎಲ್, ಅಂದರೆ ಎಕ್ಸ್‌ಟ್ರಾ ಲೋಡ್ ಟೈರ್ ಬೇಕಾಗುತ್ತೆ. ಅದರ ಒಡಲು ಗಟ್ಟಿ, ಗಾಳಿಯೂ ಜಾಸ್ತಿ ಹಿಡಿಯುತ್ತೆ. ಆದರೆ ಎಕ್ಸ್‌ಎಲ್ ಇವಿಗೋಸ್ಕರ ಹುಟ್ಟಿದ್ದಲ್ಲ. ಭಾರದ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಮೊದಲಿಂದಲೂ ಇದೆ. ದೊಡ್ಡ ಇವಿಗಳಿಗೆ ಅದೂ ಸಾಲದೆ ಎಚ್‌ಎಲ್, ಅಂದರೆ ಹೈ ಲೋಡ್ ಅನ್ನುವ ಇನ್ನೊಂದು ಗುರುತು ಬಂದಿದೆ. 2021ರಲ್ಲಿ ಲೂಸಿಡ್ ಏರ್ ಕಾರಿಗೆ ಪಿರೆಲ್ಲಿ ಅಂಥ ಟೈರ್ ಮಾಡಿತು. ನಿಮ್ಮ ಕಾರು ಎಚ್‌ಎಲ್‌ನೊಂದಿಗೆ ಬಂದಿದ್ದರೆ ಎಕ್ಸ್‌ಎಲ್ ಹಾಕಿ ಸುಧಾರಿಸೋಣ ಅನ್ನೋ ಯೋಚನೆ ಬಿಟ್ಟುಬಿಡಿ.

ನಾನು ಮೂರನೇ ಅಂಗಡಿಯಲ್ಲಿ 94ವಿ ಎಕ್ಸ್‌ಎಲ್ ಇರುವ ಮಾಮೂಲಿ ಟೂರಿಂಗ್ ಟೈರ್ ತಗೊಂಡೆ. ಇವಿ ಅನ್ನೋ ಅಕ್ಷರ ಎಲ್ಲೂ ಇರಲಿಲ್ಲ.

ಮೊದಲ ವಾರವೇ ರೇಂಜ್ ಕುಸಿಯಿತು.

ನನಗೊಂದು ಚಟ ಇದೆ. ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ 80ರ ವೇಗಕ್ಕೆ ಕ್ರೂಸ್ ಹಾಕಿ 40 ಕಿಲೋಮೀಟರ್ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬರುತ್ತೇನೆ. ಹೋಗಿ ಬಂದರೆ ಗಾಳಿ, ಏರಿಳಿತ ಎರಡೂ ಬಹುಪಾಲು ಸರಿಹೋಗುತ್ತೆ. ಬಂದ ಮೇಲೆ ಎಷ್ಟು ಯೂನಿಟ್ ಖರ್ಚಾಯಿತು ಅಂತ ಬರೆದಿಡುತ್ತೇನೆ. ಕಂಪನಿಯಿಂದ ಬಂದ ಹಳೇ ಟೈರಿನಲ್ಲಿ ಕೊನೆಗೆ 100 ಕಿಲೋಮೀಟರಿಗೆ 13.6 ಯೂನಿಟ್ ಇತ್ತು. ಹೊಸದು ಹಾಕಿದ ಮೇಲೆ 15. ಬಳಕೆಗೆ ಸಿಗುವ ಬ್ಯಾಟರಿ 45 ಯೂನಿಟ್. ಲೆಕ್ಕ ಹಾಕಿದರೆ ಮೊದಲು 330 ಕಿಲೋಮೀಟರ್ ಬರುತ್ತಿದ್ದ ಕಾರು ಈಗ 300ಕ್ಕೆ ಇಳಿದಿತ್ತು. ಮೊದಲ ಅಂಗಡಿಯವರು ಹೇಳಿದ್ದು ನೆನಪಾಗಿ ಹೊಟ್ಟೆ ಉರಿಯಿತು.

ನಾನು ಮಾಡಿದ ಹೋಲಿಕೆಯೇ ತಪ್ಪು ಅಂತ ಆಮೇಲೆ ಗೊತ್ತಾಯಿತು. ಟೈರ್ ಉರುಳುವಾಗ ನೆಲಕ್ಕೆ ತಾಗುವ ರಬ್ಬರ್ ಒತ್ತಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತೆ. ಒತ್ತೋಕೆ ಹೋದ ಶಕ್ತಿ ಪೂರ್ತಿ ವಾಪಸ್ ಬರಲ್ಲ, ಒಂದಿಷ್ಟು ಬಿಸಿಯಾಗಿ ಹೋಗುತ್ತೆ. ಬಟನ್ ದಪ್ಪ ಇದ್ದಷ್ಟೂ ನಷ್ಟ ಜಾಸ್ತಿ. ಹೊಸ ಟೈರಿನಲ್ಲಿ ಸುಮಾರು 8 ಮಿಲಿಮೀಟರ್ ರಬ್ಬರ್ ಇರುತ್ತೆ, ನನ್ನ ಹಳೇದರಲ್ಲಿ 2 ಮಿಲಿಮೀಟರ್ ಇತ್ತು. ಅಂದರೆ ಸವೆದ ಟೈರ್ ಯಾವಾಗಲೂ ಹಗುರಾಗಿ ಉರುಳುತ್ತೆ. ಹೊಸ ಸೆಟ್ ಹಾಕಿದ ಕೂಡಲೇ ರೇಂಜ್ ಹೋಯ್ತು ಅಂತ ಕೂಗುವವರಲ್ಲಿ ಅರ್ಧ ಜನ ನನ್ನ ಹಾಗೆ ಹೊಸದನ್ನು ಹಳೇದಕ್ಕೆ ಹೋಲಿಸುತ್ತಿರುತ್ತಾರೆ. ಅದೇ ಮಾಮೂಲಿ ಟೈರ್ 3,000 ಕಿಲೋಮೀಟರ್ ಆಗುವಾಗ 14.7ಕ್ಕೆ, ಪೂರ್ತಿ ಸವೆಯುವ ಹೊತ್ತಿಗೆ 14ಕ್ಕೆ ಇಳಿಯಿತು.

ಆ ಸೆಟ್ 41,000 ಕಿಲೋಮೀಟರ್ ಬಂತು. ಇವಿ ಟೈರ್ ಅಲ್ಲದ್ದು, ಕಂಪನಿ ಟೈರಿಗಿಂತ 12,000 ಜಾಸ್ತಿ! ರಬ್ಬರಿನ ಗುಣವೂ ಸ್ವಲ್ಪ ಇದ್ದೀತು. ಆದರೆ ಮುಖ್ಯ ಕಾರಣ ನಾನೇ. ಮೊದಲ ಸೆಟ್‌ನಲ್ಲಿ ಒಮ್ಮೆಯೂ ಹಿಂದೆ ಮುಂದೆ ಬದಲಿಸಿರಲಿಲ್ಲ. ಅಲೈನ್‌ಮೆಂಟ್ ತಪ್ಪಿತ್ತು, ಒಳಅಂಚು ಬೋಳಾಗಿದ್ದು ಅದರಿಂದಲೇ. ಸಿಗ್ನಲ್ ಬಿಟ್ಟ ತಕ್ಷಣ ನುಗ್ಗೋ ಖುಷಿ ಬೇರೆ. ಮೋಟರ್ ನಿಂತಲ್ಲಿಂದಲೇ ಪೂರ್ತಿ ಬಲ ಕೊಡುತ್ತೆ, ಅದನ್ನು ನೆಲಕ್ಕೆ ಮುಟ್ಟಿಸೋದು ಮುಂದಿನ ಎರಡು ಟೈರ್. ಕಾಲು ತೆಗೆದಾಗ ಮೋಟರ್ ಬ್ರೇಕ್ ಥರ ಹಿಡಿಯುತ್ತಲ್ಲ, ಆ ಎಳೆತವೂ ಅವಕ್ಕೇ. ಎರಡೂ ಕಡೆಯಿಂದ ಉಜ್ಜಿಸಿಕೊಂಡರೆ ಮುಂದಿನವು ಬೇಗ ಸವೆಯದೆ ಇನ್ನೇನು? ಎರಡನೇ ಸೆಟ್‌ನಲ್ಲಿ ಪ್ರತಿ 8,000ಕ್ಕೆ ಹಿಂದೆ ಮುಂದೆ ಮಾಡಿಸಿದೆ, ಮಾಮೂಲಿ ದಿನಗಳಲ್ಲಿ ಇಕೋ ಮೋಡ್ ಬಿಟ್ಟು ಕದಲಲಿಲ್ಲ.

ಗಾಳಿ ವಿಷಯದಲ್ಲೂ ಪಾಠ ಆಗಿತ್ತು. ಪೆಟ್ರೋಲ್ ಕಾರಿನ ಅಭ್ಯಾಸಬಲದಿಂದ ಗಾಳಿ ಹಿಡಿಯುವವರು ಕೇಳದೆಯೇ 32 ಹಾಕುತ್ತಿದ್ದರು, ನಾನು ಸುಮ್ನೆ ನೋಡುತ್ತಿದ್ದೆ. ಬಾಗಿಲ ಕಂಬದ ಪಟ್ಟಿಯಲ್ಲಿ ಇದ್ದದ್ದು 38 ಪಿಎಸ್‌ಐ. ಎಕ್ಸ್‌ಎಲ್ ಹಾಕಿಸಿ ಗಾಳಿ ಕಡಿಮೆ ಇಟ್ಟರೆ ಅದು ಹೊರಬೇಕಾದ ಭಾರ ಹೊರಲ್ಲ. ಈಗ ನನ್ನದೇ ಗೇಜ್ ಇಟ್ಟುಕೊಂಡಿದ್ದೇನೆ, ಟೈರ್ ತಣ್ಣಗಿದ್ದಾಗ ಮನೆಯಲ್ಲೇ ನೋಡುತ್ತೇನೆ.

ಎರಡನೇ ಸಲ ಬದಲಾಯಿಸುವಾಗ ಹಟಕ್ಕೆ ಬಿದ್ದು ಇವಿ ಅಂತ ಬರೆದಿರುವ ಟೈರನ್ನೇ ತಗೊಂಡೆ. ಅದೂ 94ವಿ ಎಕ್ಸ್‌ಎಲ್. ಹೊಸದರಲ್ಲಿ ಅಳೆದರೆ 14.1 ಯೂನಿಟ್. ಹೊಸದಕ್ಕೆ ಹೊಸದು ಹೋಲಿಸಿದರೆ 15ರ ಜಾಗದಲ್ಲಿ 14.1, ಅಂದರೆ 6% ಉಳಿತಾಯ. ಒಂದು ಚಾರ್ಜ್‌ಗೆ ಹತ್ತೊಂಬತ್ತು ಕಿಲೋಮೀಟರ್. ದಿನಾ ದೂರ ಓಡಿಸುವವರಿಗೆ ಇದು ಲೆಕ್ಕಕ್ಕೆ ಬರುತ್ತೆ. ರಾತ್ರಿ ಮನೆಯಲ್ಲಿ ಚಾರ್ಜ್‌ಗೆ ಹಾಕಿ ಊರೊಳಗೆ ಓಡಾಡುವವರಿಗೆ ಗೊತ್ತೇ ಆಗಲ್ಲ.

ಆದರೆ ಈ ಉಳಿತಾಯ ಇವಿ ಅನ್ನೋ ಎರಡಕ್ಷರದಿಂದ ಬಂದಿದ್ದಲ್ಲ. ಹಗುರಾಗಿ ಉರುಳುವ ಟೈರ್ ಹಳೇ ವಿದ್ಯೆ. ರಬ್ಬರಿಗೆ ಸಿಲಿಕಾ ಬೆರೆಸಿ ಉರುಳುವ ನಷ್ಟ ಕಡಿಮೆ ಮಾಡಿದ ಟೈರನ್ನು ಮಿಶೆಲಿನ್ 1992ರಲ್ಲೇ ಮಾರುಕಟ್ಟೆಗೆ ತಂದಿತ್ತು, ಪೆಟ್ರೋಲ್ ಉಳಿಸೋಕೆ. ಯುರೋಪಿನ ಟೈರ್ ಲೇಬಲ್ ನೋಡಿದರೆ ವಿಷಯ ಸ್ಪಷ್ಟ. ಅಲ್ಲಿ ಎ ಯಿಂದ ಇ ವರೆಗೆ ದರ್ಜೆ ಇದೆ. ಕಾರಿನ ಟೈರಿಗೆ ಎ ಸಿಗಬೇಕಾದರೆ ಒಂದು ಟನ್ ಭಾರಕ್ಕೆ ಎಳೆತ 6.5 ಕಿಲೋ ಒಳಗಿರಬೇಕು, 10.6 ಮುಟ್ಟಿದರೆ ಇ. ಆ ದರ್ಜೆ ಪೆಟ್ರೋಲ್ ಕಾರಿನ ಟೈರಿಗೂ ಒಂದೇ. ಜೊತೆಗೆ ಒದ್ದೆ ರಸ್ತೆಯ ಗ್ರಿಪ್‌ಗೂ ಬೇರೆ ದರ್ಜೆ ಕೊಟ್ಟಿರುತ್ತಾರೆ. ನಾನಂತೂ ಅದನ್ನೇ ಮೊದಲು ನೋಡುತ್ತೇನೆ. ಕಂಪನಿಯಿಂದ ಬಂದ ಟೈರ್ ರೇಂಜ್ ಚೆನ್ನಾಗಿ ಕೊಡುತ್ತಿತ್ತು, ನಿಜ. ಆದರೆ ಮಳೆಯಲ್ಲಿ ಸ್ವಲ್ಪ ಜೋರಾಗಿ ಒತ್ತಿದರೆ ಮುಂದಿನ ಚಕ್ರ ಇದ್ದಲ್ಲೇ ತಿರುಗುತ್ತಿತ್ತು.

ಇವಿಗೆಂದೇ ಮಾಡಿದ ಟೈರ್ ನೋಡಬೇಕಾದರೆ 2013ರ ಬಿಎಂಡಬ್ಲ್ಯು ಐ3 ನೋಡಬೇಕು. ಮುಂದೆ 155/70 ಆರ್19, ಸೈಕಲ್ ಚಕ್ರದ ಹಾಗೆ ಎತ್ತರ, ತೆಳ್ಳಗೆ. ಬುದ್ಧಿವಂತಿಕೆಯೇನೋ ಸರಿ, ಆದರೆ ಆ ಸೈಜಿಗೆ ಟೈರ್ ಹುಡುಕೋದೇ ಒಂದು ಕೆಲಸ.

ನನ್ನ ಇವಿ ಸೆಟ್‌ನ ಒಳಗಡೆ ಒಂದು ಸ್ಪಂಜಿನ ಪಟ್ಟಿ ಅಂಟಿಸಿದ್ದಾರೆ. ಎಂಜಿನ್ ಸದ್ದು ಇಲ್ಲದ ಕಾರಿನಲ್ಲಿ ಟೈರಿನ ಗುಂಯ್‌ಗುಡುವಿಕೆ ಎದ್ದು ಕೇಳುತ್ತೆ, ಅದಕ್ಕೆ. ನಯವಾದ ರಸ್ತೆಯಲ್ಲಿ ವ್ಯತ್ಯಾಸ ಚೆನ್ನಾಗಿ ಗೊತ್ತಾಯಿತು. ಒರಟು ರಸ್ತೆಯಲ್ಲಿ ಎರಡೂ ಒಂದೇ ಗಲಾಟೆ. ಆಮೇಲೊಂದು ದಿನ ಮೊಳೆ ಹೊಕ್ಕಿತು. ನನ್ನ ಕಾರಿಗೆ ಸ್ಟೆಪ್ನಿ ಇಲ್ಲ, ತೂತು ಮುಚ್ಚುವ ದ್ರವದ ಬಾಟಲ್ ಕೊಟ್ಟಿದ್ದಾರೆ. ಸ್ಪಂಜು ಅದನ್ನು ಹೀರಿಕೊಂಡರೆ ತೂತು ಹಾಗೇ ಉಳಿಯುತ್ತೆ ಅಂತ ಬಾಟಲ್ ಮುಟ್ಟಲಿಲ್ಲ. ಗಾಳಿ ತುಂಬಿಸಿಕೊಂಡು ನಿಧಾನಕ್ಕೆ ಪಂಕ್ಚರ್ ಅಂಗಡಿ ಮುಟ್ಟಿದೆ. ಟೈರ್ ಬಿಚ್ಚಿದವರು ಒಳಗೆ ನೋಡಿ, "ಇದೇನ್ ಸಾರ್, ಒಳಗೆ ಹಾಸಿಗೆ ಹಾಕಿದ್ದಾರೆ?" ಅಂದರು. ಪ್ಯಾಚ್ ಕೂರಬೇಕಾದರೆ ಅಲ್ಲಿನ ಸ್ಪಂಜು ಕತ್ತರಿಸಿ, ಅಂಟು ಕೆರೆದು ತೆಗೆಯಬೇಕು. ಮುಕ್ಕಾಲು ಗಂಟೆ ಹಿಡಿಯಿತು. ಆ ತುಂಡು ಹೋದ ಮೇಲೆ ತೂಕ ಏರುಪೇರಾಗಿ 90ರ ವೇಗದಲ್ಲಿ ಸ್ಟೀರಿಂಗ್ ನಡುಗೋಕೆ ಶುರುವಾಯಿತು, ಮತ್ತೆ ಬ್ಯಾಲೆನ್ಸಿಂಗ್ ಮಾಡಿಸಿದೆ.

ಅದೇ ದಿನ ಇನ್ನೊಂದು ಅನಾಹುತ ತಪ್ಪಿತು. ಅಂಗಡಿ ಹುಡುಗ ಜಾಕ್ ತಂದು ನೇರ ಬ್ಯಾಟರಿ ಡಬ್ಬಿಯ ಕೆಳಗೆ ಇಡೋಕೆ ಹೊರಟಿದ್ದ. ಕೂಗಿ ನಿಲ್ಲಿಸಿ, ಅಂಚಿನಲ್ಲಿರುವ ಜಾಕ್ ಜಾಗ ತೋರಿಸಿದೆ. ಅವತ್ತಿಂದ ಆ ಜಾಗಕ್ಕೆ ಸರಿಯಾಗಿ ಕೂರುವ ಒಂದು ರಬ್ಬರ್ ಬಿಲ್ಲೆ ಕಾರಿನಲ್ಲೇ ಇರುತ್ತೆ. ಈಗ ಈ ಸೆಟ್ 16,000 ಓಡಿದೆ, ನಾಲ್ಕೂ ಚಕ್ರದಲ್ಲಿ ಬಟನ್ 6 ಮಿಲಿಮೀಟರ್ ಆಸುಪಾಸು. ಭಾನುವಾರ ಹಿಂದೆ ಮುಂದೆ ಮಾಡಿಸೋದಿದೆ. ಬಿಲ್ಲೆ ಹಿಡಿದು ಜಾಕ್ ಪಕ್ಕದಲ್ಲಿ ನಾನೇ ನಿಲ್ಲಬೇಕು.