ಉರಿಮೂತ್ರಕ್ಕೆ ಬಾರ್ಲಿ ನೀರು ಕುಡಿದು ನಾಲ್ಕು ದಿನ ಕಾದೆ

ನಾನು ಬದಿಯಡ್ಕದ ಹತ್ರ ಒಂದು ಕನ್ನಡ ಮೀಡಿಯಂ ಶಾಲೆಯಲ್ಲಿ ಟೀಚರ್. ಬೆಳಿಗ್ಗೆ ಶಾಲೆಗೆ ಹೋದ್ರೆ ಸಂಜೆ ಮನೆಗೆ ಬರುವವರೆಗೆ ಮೂತ್ರಕ್ಕೆ ಹೋಗ್ತಿರ್ಲಿಲ್ಲ, ಟಾಯ್ಲೆಟ್ಟಿನ ಚಿಲಕ ಸರಿ ಇಲ್ಲ, ನೀರು ಬರುವುದಿಲ್ಲ, ಹಾಗಾಗಿ ಹೋಗುವುದೇ ಬೇಡ ಅಂತ ನೀರನ್ನೇ ಕುಡಿಯದೆ ಇರುವುದು. ಹೀಗೆ ಮಾಡುವ ಹೆಂಗಸರು ಎಷ್ಟೋ ಜನ ಇದ್ದಾರೆ, ಅದಕ್ಕೇ ಬರೀತಿದ್ದೇನೆ.

ಮೊದಲ ಸಲ ಉರಿಮೂತ್ರ ಬಂದದ್ದು ಮಾರ್ಚ್ ತಿಂಗಳ ಸೆಕೆಯಲ್ಲಿ. ಉರಿ ಅಂದ್ರೆ ಉರಿ, ಹೋಗಿ ಬಂದು ಐದು ನಿಮಿಷ ಆಗುವಾಗ ಪುನಃ ಹೋಗ್ಬೇಕು ಅನ್ನಿಸ್ತದೆ, ಹೋದ್ರೆ ನಾಲ್ಕು ಹನಿ. ಅತ್ತೆ "ಅದು ಉಷ್ಣ ಆದದ್ದು, ಬೊಂಡ ಕುಡಿ" ಅಂದ್ರು, ಬೊಂಡ ಅಂದ್ರೆ ಎಳನೀರು. ಬೊಂಡ, ಬಾರ್ಲಿ ನೀರು, ಕೊತ್ತಂಬರಿ ಜೀರಿಗೆ ಕುದಿಸಿದ ನೀರು ಎಲ್ಲ ಕುಡಿದೆ, ಉರಿ ಸ್ವಲ್ಪ ಕಮ್ಮಿಯೂ ಆಯ್ತು, ಗುಣ ಆಯ್ತು ಅಂತ ಸುಮ್ಮನಾದೆ. ನಾಲ್ಕನೇ ದಿನ ರಾತ್ರಿ ಚಳಿ ಹಿಡಿದು ನಡುಗುವ ಜ್ವರ, ಬೆನ್ನಿನ ಬಲಬದಿ ಪಕ್ಕೆಯ ಕೆಳಗೆ ನೋವು, ವಾಂತಿ. ಕಾಸರಗೋಡಿಗೆ ಹೋಗುವಾಗ ರಸ್ತೆಯ ಒಂದೊಂದು ಹೊಂಡಕ್ಕೂ ಜೀವ ಹೋದ ಹಾಗೆ ಆಗ್ತಿತ್ತು. ಮೂತ್ರದ ಇನ್ಫೆಕ್ಷನ್ ಕಿಡ್ನಿಗೆ ಹತ್ತಿತ್ತು. ಯಾವ ಬ್ಯಾಕ್ಟೀರಿಯಾ ಅಂತ ನೋಡುವ ಮೂತ್ರ ಪರೀಕ್ಷೆ, ಕಲ್ಚರ್, ಮಾಡ್ಸಿದ್ರೆ ಇ. ಕೋಲಿ, ಕರುಳಿನಲ್ಲಿರುವ ಬ್ಯಾಕ್ಟೀರಿಯಾ, ಹೆಚ್ಚಿನವರಿಗೆ ಬರುವುದು ಅದರಿಂದಲೇ.

ಡಾಕ್ಟ್ರು ಹೇಳಿದ್ದು ಇನ್ನೂ ಕಿವಿಯಲ್ಲಿ ಉಂಟು: "ಟೀಚರೇ, ಬಾರ್ಲಿ ನೀರು ಕುಡಿದ್ರೆ ಮೂತ್ರ ತೆಳು ಆಗಿ ಉರಿ ಕಮ್ಮಿ ಆಗ್ತದೆ, ಆದ್ರೆ ಒಳಗೆ ಬೇರು ಬಿಟ್ಟದ್ದು ಸಾಯುವುದಿಲ್ಲ."

ಆ ವರ್ಷ ಇನ್ನೆರಡು ಸಲ ಬಂತು. ಮೂರನೇ ಸಲ ಡಾಕ್ಟ್ರು 2018ರ ಒಂದು ಅಧ್ಯಯನದ ಲೆಕ್ಕ ಹೇಳಿದ್ರು. ಪದೇ ಪದೇ ಬರುವ, ನೀರು ಕಮ್ಮಿ ಕುಡಿಯುವ 140 ಹೆಂಗಸರಲ್ಲಿ ಅರ್ಧ ಜನಕ್ಕೆ ದಿನಕ್ಕೆ ಒಂದೂವರೆ ಲೀಟರ್ ನೀರು ಜಾಸ್ತಿ ಕುಡಿಸಿದ್ದು, ಅವರಿಗೆ ಒಂದು ವರ್ಷದಲ್ಲಿ ಸರಾಸರಿ 1.7 ಸಲ ಬಂದ್ರೆ ಉಳಿದವರಿಗೆ 3.2 ಸಲ. ಬರೀ ನೀರಿಗೆ ಅಷ್ಟು ವ್ಯತ್ಯಾಸ!

ಅಲ್ಲಿಂದ ಶುರು ಮಾಡಿದೆ. ಒಂದು ಲೀಟರಿನ ಸ್ಟೀಲ್ ಬಾಟಲಿ, ಪದಿಮುಗಂ ಅನ್ನುವ ಮರದ ಚಕ್ಕೆ ಹಾಕಿ ಕುದಿಸಿದ ಕೆಂಪು ನೀರು, ಮಧ್ಯಾಹ್ನದ ಒಳಗೆ ಒಂದು ಸಲ ಖಾಲಿ, ಸಂಜೆಯ ಒಳಗೆ ಇನ್ನೊಂದು ಸಲ. ನಾವು ಮೂರು ಜನ ಟೀಚರುಗಳು ದುಡ್ಡು ಹಾಕಿ ಟಾಯ್ಲೆಟ್ಟಿಗೆ ಚಿಲಕ ಹಾಕಿಸಿ ದೊಡ್ಡ ಬಕೆಟ್ ಇಟ್ಟೆವು, ಈಗ ಎರಡು ಪೀರಿಯಡ್ ಕಳೆದ ಕೂಡ್ಲೇ ಹೋಗಿ ಬರ್ತೇನೆ. ನನ್ನ ಪ್ರಕಾರ ಯಾವ ಆಹಾರಕ್ಕಿಂತಲೂ ಆ ಚಿಲಕವೇ ಹೆಚ್ಚು ಉಪಕಾರ ಮಾಡಿತು.

ಊಟದಲ್ಲಿ ಬದಲಾದದ್ದು ಬಾಳೆದಿಂಡು. ಮಲಬದ್ಧತೆ ಇದ್ರೆ ಈ ಇನ್ಫೆಕ್ಷನ್ ಮರುಕಳಿಸುವುದು ಸುಲಭ, ನಂಗೆ ಅದೂ ಇತ್ತು. ದಿಂಡನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ಯುವಾಗ ಬರುವ ನಾರನ್ನು ತೋರುಬೆರಳಿಗೆ ಸುತ್ತಿ ಸುತ್ತಿ ತೆಗೆದು, ಕಪ್ಪಾಗದ ಹಾಗೆ ಮಜ್ಜಿಗೆ ನೀರಿಗೆ ಹಾಕಿ, ಆಮೇಲೆ ಪಲ್ಯವೋ ಸಾಸಿವೆಯೋ. ವಾರಕ್ಕೆ ಎರಡು ಸಲ ಆದ್ರೂ ಉಂಟು. ರಾತ್ರಿ ಕುಚ್ಚಲಕ್ಕಿ ಗಂಜಿ, ಅದರ ತೆಳಿ ಸಮೇತ, ಹೊಟ್ಟೆಗೆ ನೀರು ಹೋಗ್ಲಿಕ್ಕೆ ಅದಕ್ಕಿಂತ ಒಳ್ಳೆ ದಾರಿ ನಂಗೆ ಕಾಣುವುದಿಲ್ಲ.

ಕ್ರಾನ್‌ಬೆರಿ ಅನ್ನುವ ಕೆಂಪು, ಹುಳಿ ವಿದೇಶಿ ಹಣ್ಣಿನ ಬಗ್ಗೆ ತುಂಬಾ ಜನ ಕೇಳ್ತಾರೆ. ಬ್ಯಾಕ್ಟೀರಿಯಾ ಮೂತ್ರಕೋಶದ ಗೋಡೆಗೆ ಅಂಟದ ಹಾಗೆ ಅದು ತಡೀತದೆ, ಪದೇ ಪದೇ ಬರುವ ಹೆಂಗಸರಿಗೆ ಪುನಃ ಬರುವುದು ಕಮ್ಮಿ ಆಗ್ತದೆ ಅಂತ ತುಂಬಾ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2023ರ ಕಾಕ್ರೇನ್ ವಿಮರ್ಶೆಯಲ್ಲೂ ಉಂಟು, ಆದ್ರೆ ಬಂದದ್ದನ್ನು ಗುಣ ಮಾಡುವುದಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ವಾರ್ಫರಿನ್ ಮಾತ್ರೆ ತಗೊಳ್ಳುವವರು ಡಾಕ್ಟ್ರ ಹತ್ರ ಕೇಳದೆ ಮುಟ್ಟಬೇಡಿ. ನಮ್ಮ ಪುನರ್ಪುಳಿಯೂ (ಕೋಕಮ್) ಕೆಂಪು, ಹುಳಿ ಅಂತ ಅದನ್ನೇ ಬದಲಿ ಮಾಡ್ತಾರೆ ಕೆಲವರು, ಅದು ಬೇರೆಯೇ ಹಣ್ಣು. ನಾನು ಸಾರು ಮಾಡಿ ಉಣ್ತೇನೆ, ರುಚಿಗೆ.

ಗರ್ಭಿಣಿಯರು, ಶುಗರ್ ಇರುವವರು, ಜ್ವರವೋ ಮೂತ್ರದಲ್ಲಿ ರಕ್ತವೋ ಕಂಡವರು ದಯವಿಟ್ಟು ಒಂದು ದಿನವೂ ಮನೆಮದ್ದಲ್ಲಿ ಕಾಯ್ಬೇಡಿ. ಕೊಟ್ಟ ಆಂಟಿಬಯೋಟಿಕ್ ಅರ್ಧಕ್ಕೆ ನಿಲ್ಲಿಸ್ಬೇಡಿ.

ನಂಗೆ ಈಗ ಹದಿನಾಲ್ಕು ತಿಂಗಳಿಂದ ಬರ್ಲಿಲ್ಲ. ಮೊನ್ನೆ ಒಂದು ದಿನ ಸ್ವಲ್ಪ ಉರಿ ಅನ್ನಿಸಿತು, ಅತ್ತೆ ಬೊಂಡ ಕೆತ್ತಿ ಕೊಟ್ರು, ಅದನ್ನು ಕುಡಿದು ಸೀದಾ ಲ್ಯಾಬಿಗೆ ಹೋಗಿ ಮೂತ್ರ ಕೊಟ್ಟು ಬಂದೆ.