ಕಲಬುರಗಿಯಲ್ಲಿ ಎಡಿಟಿಂಗ್ ಪಿಸಿಗೆ ನಾನು ಪಾರ್ಟ್ಸ್ ಹೊಂದಿಸಿದ್ದು ಹೀಗೆ

ಮದುವೆ ವಿಡಿಯೋ ಎಡಿಟ್ ಮಾಡೋದು ನನ್ನ ಕೆಲಸ. ಹಳೇ ಲ್ಯಾಪ್‌ಟಾಪ್‌ನಲ್ಲಿ ಹೊಸ ಕ್ಯಾಮೆರಾದ ಕ್ಲಿಪ್ ಹಾಕಿದರೆ ತಡೆ ತಡೆದು ಓಡುತ್ತಿತ್ತು. ಹಾಗಾಗಿ ಡೆಸ್ಕ್‌ಟಾಪ್ ಜೋಡಿಸೋಣ ಅಂತ ಕೂತಾಗ ಎಲ್ಲರೂ ಹೇಳುವ ಹಾಗೆ ಪ್ರೊಸೆಸರ್‌ನಿಂದ ಶುರು ಮಾಡಲಿಲ್ಲ, ಕ್ಯಾಮೆರಾದ ಫೈಲ್‌ನಿಂದ ಶುರು ಮಾಡಿದೆ. ನನ್ನದು 10 ಬಿಟ್, 4:2:2, ಎಚ್.265, ಅಂದರೆ ಬಣ್ಣದ ವಿವರ ಜಾಸ್ತಿ ಇಟ್ಟುಕೊಂಡು ಒತ್ತಿ ಕಿರಿದು ಮಾಡಿದ ಫೈಲ್, ಬಿಚ್ಚಿ ಓಡಿಸೋದು ಕಷ್ಟ. ಇಂಟೆಲ್‌ನ 12ನೇ ಜನರೇಷನ್ ಚಿಪ್ ಒಳಗೇ ಇರುವ ಗ್ರಾಫಿಕ್ಸ್ ಈ ಫೈಲನ್ನು ಸಲೀಸಾಗಿ ಓಡಿಸುತ್ತದೆ, ಆ ಸೌಲಭ್ಯಕ್ಕೆ ಕ್ವಿಕ್ ಸಿಂಕ್ ಅಂತಾರೆ. ಎನ್ವಿಡಿಯಾದ ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಇಂಥ ಫೈಲ್ ಓಡಿಸುವ ಶಕ್ತಿ ಬಂದದ್ದು 2025ರ 50ರ ಸರಣಿಯಲ್ಲಿ. ನನ್ನ ಹತ್ತಿರ ಇದ್ದದ್ದು ಗೆಳೆಯನಿಂದ ತಗೊಂಡ ಆರ್‌ಟಿಎಕ್ಸ್ 3060, ಅದಕ್ಕೂ ಹಿಂದಿನ 30ರ ಸರಣಿಯ ಎನ್ವಿಡಿಯಾ ಕಾರ್ಡ್. ಅಂದ ಮೇಲೆ ಇಂಟೆಲ್‌ನ 12ನೇ ಜನರೇಷನ್ ಪ್ರೊಸೆಸರ್ ಐ5-12400 ಬೇಕು, 12400ಎಫ್ ನಡೆಯೋದಿಲ್ಲ. ಹೆಸರಿನ ಕೊನೆಗೆ ಎಫ್ ಇದ್ದರೆ ಒಳಗಿನ ಗ್ರಾಫಿಕ್ಸ್ ಬಂದ್ ಇರುತ್ತದೆ.

ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿಯಲ್ಲಿ ಕೇಳಿದೆ. "ಎಫ್ ತಗೋರಿ ಅಣ್ಣಾ, ರೊಕ್ಕ ಉಳಿತದ. ಹ್ಯಾಂಗೂ ಕಾರ್ಡ್ ಅದ ಅಲ್ರಿ ನಿಮ್ಮ ಹತ್ರ" ಅಂದ. ಗೇಮ್ ಆಡೋರಿಗೆ ಅವನ ಮಾತು ಸರಿ. ನನ್ನ ಕೆಲಸಕ್ಕೆ ಅಲ್ಲ.

ಇನ್ನು ಬೋರ್ಡ್, ಅಂದರೆ ಎಲ್ಲ ಪಾರ್ಟ್ಸ್ ಕೂರುವ ಮದರ್‌ಬೋರ್ಡ್. 12400 ಕೂರೋದು ಎಲ್‌ಜಿಎ 1700 ಸಾಕೆಟ್‌ನಲ್ಲಿ. 12, 13, 14 ಮೂರೂ ಜನರೇಷನ್‌ಗೆ ಅದೇ ಸಾಕೆಟ್. ಆದರೆ 600ರ ಸರಣಿಯ ಹಳೇ ಸ್ಟಾಕ್ ಬೋರ್ಡ್‌ಗೆ 13 ಅಥವಾ 14ರ ಚಿಪ್ ಹಾಕಬೇಕಂದ್ರೆ ಮೊದಲು ಬಯೋಸ್ (ಬೋರ್ಡ್ ಒಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಬೇಕಾಗಬಹುದು. ನಾನು 700ರ ಸರಣಿಯ ಬಿ760 ಬೋರ್ಡ್ ತಗೊಂಡೆ. ಅದು ಬಂದದ್ದೇ 2023ರಲ್ಲಿ, 12ನೇ ಜನರೇಷನ್ ಚಿಪ್ ಹಾಕಿದ ಕೂಡಲೇ ಗುರುತಿಸುತ್ತದೆ. ಇಲ್ಲಿ ಕಣ್ಣು ಬಿಟ್ಟು ನೋಡಬೇಕಾದ್ದು ರ‍್ಯಾಮ್. ಒಂದೇ ಬಿ760 ಹೆಸರಲ್ಲಿ ಹಳೇ ನಮೂನೆ ರ‍್ಯಾಮ್‌ನ ಡಿಡಿಆರ್4 ಬೋರ್ಡೂ ಸಿಗುತ್ತದೆ, ಹೊಸ ನಮೂನೆಯ ಡಿಡಿಆರ್5 ಬೋರ್ಡೂ ಸಿಗುತ್ತದೆ. ಬಹಳಷ್ಟು ಕಂಪನಿಗಳು ಹೆಸರಿನ ಕೊನೆಗೆ ಡಿ4 ಅಥವಾ ಡಿಡಿಆರ್4 ಅಂತ ಸಣ್ಣದಾಗಿ ಸೇರಿಸಿರುತ್ತವೆ, ಅಷ್ಟೇ ಗುರುತು. ಎರಡೂ ಕಡ್ಡಿಗಳಲ್ಲಿ 288 ಪಿನ್ನೇ ಇರೋದು, ಕೈಯಲ್ಲಿ ಹಿಡಿದರೆ ಒಂದೇ ಥರ ಕಾಣುತ್ತವೆ. ಪಕ್ಕಪಕ್ಕ ಇಟ್ಟು ನೋಡಿ, ಕೆಳಗಿನ ಕಚ್ಚು ಸ್ವಲ್ಪ ಆಚೀಚೆ ಇರುತ್ತದೆ. ಒತ್ತಿ ಕೂರಿಸೋಕೆ ಹೋದರೆ ಸ್ಲಾಟ್ ಹೋಯ್ತು.

ಯಾರು ಏನೇ ಹೇಳಲಿ, ಬೋರ್ಡ್ ಕಂಪನಿಯ ಸೈಟ್‌ನಲ್ಲಿ ಆ ಮಾಡೆಲ್‌ನ ಪುಟ ತೆಗೆದು ಸಿಪಿಯು ಸಪೋರ್ಟ್ ಲಿಸ್ಟ್ (ಯಾವ ಯಾವ ಪ್ರೊಸೆಸರ್ ನಡೆಯುತ್ತದೆ ಅನ್ನೋ ಪಟ್ಟಿ) ನೋಡದೆ ನಾನು ದುಡ್ಡು ಕೊಡೋದಿಲ್ಲ. ನಮಗೆ ಹತ್ತಿರದ ದೊಡ್ಡ ಕಂಪ್ಯೂಟರ್ ಮಾರ್ಕೆಟ್ ಅಂದ್ರೆ ಸಿಕಂದರಾಬಾದ್‌ನ ಸಿಟಿಸಿ. ಹೊಂದಿಕೆ ಆಗದ ಪಾರ್ಟ್ ಬದಲಾಯಿಸೋಕೆ ಮತ್ತೆ ಅಷ್ಟು ದೂರ ಹೋಗೋರು ಯಾರು?

ಎಸ್‌ಎಸ್‌ಡಿ ವಿಷಯ ಬೇಗ ಮುಗಿಸುತ್ತೇನೆ. ಎಂ.2 ಅಂದರೆ ಆಕಾರ ಮಾತ್ರ. ಒಳಗೆ ನಿಧಾನದ ಸಾಟಾ ಇರಬಹುದು, ವೇಗದ ಎನ್‌ವಿಎಂಇ ಇರಬಹುದು. ಸ್ಲಾಟ್ ಯಾವುದನ್ನು ಒಪ್ಪುತ್ತದೆ ಅಂತ ಅದೇ ಪುಟದಲ್ಲಿ ಬರೆದಿರುತ್ತದೆ.

ಗೆಳೆಯ ಚಿಪ್ ತಣ್ಣಗಿಡುವ ಒಂದು ಹಳೇ ದೊಡ್ಡ ಕೂಲರ್ ಕೂಡ ಕೊಟ್ಟಿದ್ದ, ಇಂಟೆಲ್‌ನ ಆರನೇ ಜನರೇಷನ್ ಕಾಲದ್ದು. ಸ್ಕೇಲ್ ಇಟ್ಟು ಅಳೆದೆ, ಸ್ಕ್ರೂ ತೂತುಗಳ ನಡುವೆ 75 ಮಿಲಿಮೀಟರ್. ಎಲ್‌ಜಿಎ 1700ಕ್ಕೆ 78 ಬೇಕು. ಮೂರೇ ಮಿಲಿಮೀಟರ್, ಆದರೂ ಕೂರೋದಿಲ್ಲ. ಆ ಕೂಲರ್ ಕಂಪನಿ 1700ಕ್ಕೆ ಬೇರೆ ಬ್ರಾಕೆಟ್ ಮಾಡುತ್ತದೆ ಅಂತ ಗೊತ್ತಾದ ಮೇಲೆ ಅದನ್ನು ತರಿಸಿ ಹಾಕಿದೆ. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ರೆಂಡರ್ (ಎಡಿಟ್ ಆದದ್ದನ್ನು ಪೂರ್ತಿ ವಿಡಿಯೋ ಫೈಲ್ ಮಾಡೋದು) ಹಾಕಿದರೆ ಚಿಪ್ ಜೊತೆ ಬರೋ ಪುಟ್ಟ ಫ್ಯಾನ್ ಒಂದೇ ಸಮ ಕಿರುಚುತ್ತದೆ. ಕ್ಯಾಬಿನೆಟ್ ಕೂಡ ಮುಂದೆ ಗಾಜು ಇರೋದು ಬೇಡ ಅಂತ ಜಾಲರಿ ಇರೋದನ್ನೇ ಆರಿಸಿದೆ. ಚಂದ ಕಾಣೋದಿಲ್ಲ, ಧೂಳೂ ಜಾಸ್ತಿ ಎಳೆಯುತ್ತದೆ, ಫಿಲ್ಟರ್ ಆಗಾಗ ತೊಳೀಬೇಕು, ಆದರೆ ಗಾಳಿ ಆಡುತ್ತದೆ. ಆರಿಸುವಾಗ ಕಾರ್ಡಿನ ಉದ್ದ ಮತ್ತು ಕೂಲರ್ ಎತ್ತರ ಎರಡನ್ನೂ ಅದರ ಅಳತೆಗೆ ಹೋಲಿಸಿ ನೋಡಿದ್ದೆ.

ಪವರ್ ಸಪ್ಲೈನಲ್ಲಿ ಮಾತ್ರ ನಾನು ಚೌಕಾಸಿ ಮಾಡಲಿಲ್ಲ. 3060 ಎಳೆಯೋದು 170 ವ್ಯಾಟ್, ಚಿಪ್ ಪೂರ್ತಿ ಜೋರಲ್ಲಿ 117 ವ್ಯಾಟ್. ಕಾರ್ಡ್ ಕಂಪನಿ ಹೇಳೋದು 550 ವ್ಯಾಟ್ ಸಪ್ಲೈ, ನಾನು 650 ಹಾಕಿದೆ. ಅದರಲ್ಲಿ ಸಿಪಿಯುಗೆ ಹೋಗುವ 8 ಪಿನ್ ವೈರೂ ಕಾರ್ಡಿಗೆ ಹೋಗುವ 8 ಪಿನ್ ವೈರೂ ಅಣ್ಣ ತಮ್ಮರ ಹಾಗೆ ಕಾಣುತ್ತವೆ, ಒಳಗೆ ಕರೆಂಟ್ ದಿಕ್ಕೇ ಉಲ್ಟಾ. ಅದಲು ಬದಲು ಆಗಬಾರದು. ಗುರುತು ಏನಂದ್ರೆ, ಸಿಪಿಯುದು 4+4 ಆಗಿ ಬಿಡಿಸಬಹುದು, ಕಾರ್ಡಿನದು 6+2.

ನಮ್ಮೂರಲ್ಲಿ ಯುಪಿಎಸ್ಸೂ ಲೆಕ್ಕಕ್ಕೆ ಸೇರುತ್ತದೆ ಅಲ್ವಾ. 600 ವಿಎ ಅಂತ ಬರೆದಿರುವ ಸಾಮಾನ್ಯ ಯುಪಿಎಸ್ ನಿಜವಾಗಿ ಹೊರೋದು 360 ವ್ಯಾಟ್ ಹತ್ತಿರ, ಮಾನಿಟರ್ ಸೇರಿಸಿದರೆ ಅಲ್ಲಿಗೇ ತುಂಬಿತು. ಜೊತೆಗೆ ಅಗ್ಗದ ಯುಪಿಎಸ್‌ಗಳು ಬ್ಯಾಟರಿಯಲ್ಲಿ ಓಡುವಾಗ ಶುದ್ಧ ಸೈನ್ ವೇವ್, ಅಂದರೆ ಮನೆ ಕರೆಂಟಿನಂಥ ನುಣುಪು ಅಲೆ, ಕೊಡೋದಿಲ್ಲ. ಆಕ್ಟಿವ್ ಪಿಎಫ್‌ಸಿ (ಕರೆಂಟ್ ಎಳೆಯೋದನ್ನು ಹದ ಮಾಡುವ ಸರ್ಕ್ಯೂಟ್) ಇರುವ ಒಳ್ಳೇ ಪವರ್ ಸಪ್ಲೈ ಕೆಲವು ಸಲ ಅದನ್ನು ಒಪ್ಪದೆ, ಕರೆಂಟ್ ಹೋದ ಕ್ಷಣಕ್ಕೇ ಪಿಸಿ ಆಫ್ ಆಗಿಬಿಡುತ್ತದೆ. ದೊಡ್ಡದು, ಅದರಲ್ಲೂ ಸೈನ್ ವೇವ್ ಇರೋದೇ ತಗೊಂಡೆ. ಅದಕ್ಕೂ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿದೆ.

ಜೋಡಿಸುವಾಗ ಎರಡು ರ‍್ಯಾಮ್ ಕಡ್ಡಿಯನ್ನು ಸಿಪಿಯುದಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಿದೆ. ಪಿಸಿ ಶುರುವಾದ ಮೇಲೆ ಬಯೋಸ್ ಒಳಗೆ ಎರಡು ಕೆಲಸ. ಎಕ್ಸ್‌ಎಂಪಿ ಅನ್ನೋ ರ‍್ಯಾಮ್ ವೇಗದ ಸೆಟ್ಟಿಂಗ್ ಆನ್ ಮಾಡೋದು, ಇಲ್ಲದಿದ್ದರೆ 3200ರ ರ‍್ಯಾಮ್ ಸುಮ್ನೆ ಕಡಿಮೆ ವೇಗದಲ್ಲಿ ಓಡುತ್ತಿರುತ್ತದೆ. ಇನ್ನೊಂದು, ಒಳಗಿನ ಗ್ರಾಫಿಕ್ಸ್ ಆನ್ ಇದೆಯಾ ನೋಡೋದು. ಬೇರೆ ಕಾರ್ಡ್ ಹಾಕಿದ ಕೂಡಲೇ ಎಷ್ಟೋ ಬೋರ್ಡ್‌ಗಳು ಅದನ್ನು ತಾವೇ ಬಂದ್ ಮಾಡುತ್ತವೆ, ಆಗ ಎಫ್ ಬಿಟ್ಟು ಜಾಸ್ತಿ ದುಡ್ಡು ಕೊಟ್ಟದ್ದು ದಂಡ.